ಮೆಸ್ ಟೇಬಲ್ಲಿನ ತುದಿಯಲ್ಲಿ ಕೂತವರು

ಸೈನಿಕ ಶಾಲೆಯಲ್ಲಿ ಓದಿದವನು ಅಂತ ಗೊತ್ತಾದ ಕೂಡಲೇ ಜನ ಸಾಮಾನ್ಯವಾಗಿ ಎರಡು ಪ್ರಶ್ನೆ ಕೇಳುತ್ತಾರೆ. 'ತುಂಬಾ ಹೊಡೀತಿದ್ರಾ?' ಅನ್ನುವುದು ಒಂದು. 'ಚಪಾತಿಯನ್ನೂ ಫೋರ್ಕಿನಲ್ಲೇ ತಿನ್ನಬೇಕಿತ್ತಾ?' ಅನ್ನುವುದು ಇನ್ನೊಂದು. ಮೊದಲನೆಯದಕ್ಕೆ ನಕ್ಕು ಸುಮ್ಮನಾಗುತ್ತೇನೆ. ಎರಡನೆಯದಕ್ಕೆ ಉದ್ದುದ್ದ ಉತ್ತರ ಕೊಡುತ್ತೇನೆ, ಕೇಳಿದವರಿಗೂ ಖುಷಿಯಾಗುತ್ತದೆ. ಆದರೆ ಈ ಎರಡೂ ಪ್ರಶ್ನೆಗಳ ನಿಜವಾದ ಉತ್ತರ ಇರುವುದು ಒಂದೇ ಜಾಗದಲ್ಲಿ, ಮೆಸ್ಸಿನಲ್ಲಿ. ಅದನ್ನು ಇವತ್ತು ಬರೆಯೋಣ ಅನಿಸಿತು.

ನಮ್ಮ ಶಾಲೆಯ ಹೆಸರು ಹೇಳುವುದಿಲ್ಲ. ಮುಂದೆ ಬರುವ ಕೆಲವು ಮಾತು ಅಷ್ಟು ಚೆಂದದವಲ್ಲ. ಬೇರೆ ಬೇರೆ ಶಾಲೆಗಳಲ್ಲಿ ಓದಿದ ಗೆಳೆಯರೂ ಹೆಚ್ಚು ಕಡಿಮೆ ಇದೇ ಕಥೆ ಹೇಳುತ್ತಾರೆ, ಹಾಗಾಗಿ ಒಂದು ಶಾಲೆಯ ತಲೆಗೆ ಕಟ್ಟುವುದು ನ್ಯಾಯವೂ ಅಲ್ಲ.

ಮೊದಲು ಫೋರ್ಕಿನ ವಿಷಯ ಮುಗಿಸಿಬಿಡುತ್ತೇನೆ. ಅದು ನಮ್ಮ ತಟ್ಟೆಗೆ ಬಂದು ಸೇರಿದ ದಾರಿ ಸ್ವಾರಸ್ಯವಾಗಿದೆ. ಬ್ರಿಟಿಷರ ಕಾಲದಲ್ಲಿ ಸೈನ್ಯದಲ್ಲಿ ಪೂರ್ತಿ ಅಧಿಕಾರವಿರುವ ಆಫೀಸರ್ ಆಗಬೇಕಾದರೆ ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್‌ನಲ್ಲಿ ತರಬೇತಿ ಆಗಬೇಕಿತ್ತು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಭಾರತದ ಹುಡುಗರಿಗೂ ಅಲ್ಲಿ ಬೆರಳೆಣಿಕೆಯ ಸೀಟು ಸಿಕ್ಕವು. ಹೋದವರಲ್ಲಿ ಹಲವರು ಅಲ್ಲಿಯ ರೀತಿ ರಿವಾಜಿಗೆ ಹೊಂದಿಕೊಳ್ಳಲಾಗದೆ ಹಿಂದೆ ಬಿದ್ದರು. ಅದಕ್ಕೇ 1922ರಲ್ಲಿ ಡೆಹ್ರಾಡೂನಿನಲ್ಲಿ ಒಂದು ಶಾಲೆ ತೆರೆದರು. ಈಗ ಅದರ ಹೆಸರು ರಾಷ್ಟ್ರೀಯ ಇಂಡಿಯನ್ ಮಿಲಿಟರಿ ಕಾಲೇಜು. ಇಂಗ್ಲೆಂಡಿನ ಪಬ್ಲಿಕ್ ಸ್ಕೂಲಿನ ಅಚ್ಚಿನಲ್ಲಿ ಹುಡುಗರನ್ನು ತಯಾರು ಮಾಡಿ ಸ್ಯಾಂಡ್‌ಹರ್ಸ್ಟ್‌ಗೆ ಕಳಿಸುವುದು ಆಗ ಅದರ ಕೆಲಸ. ಮುಂದೆ ಸೇನಾ ಮುಖ್ಯಸ್ಥರಾದ ನಮ್ಮ ಕೊಡಗಿನ ತಿಮ್ಮಯ್ಯನವರು ಹೋದದ್ದು ಇದೇ ದಾರಿಯಲ್ಲಿ. ಅಲ್ಲಿ ಗಣಿತ, ಇಂಗ್ಲಿಷಿನಷ್ಟೇ ಮುಖ್ಯ ಊಟದ ಟೇಬಲ್ಲು. ಇಂಗ್ಲಿಷ್ ಹುಡುಗರ ನಡುವೆ ಕೂತಾಗ ನಮ್ಮವನು ತಡವರಿಸಬಾರದು, ಅಷ್ಟೇ ಲೆಕ್ಕ.

ಸ್ವಾತಂತ್ರ್ಯ ಬಂತು. 1949ರ ಜನವರಿ 15ರಂದು ನಮ್ಮವರೇ ಆದ ಕಾರ್ಯಪ್ಪ ಸೇನೆಯ ಮುಖ್ಯಸ್ಥರಾದರು. ಆದರೆ ಟೇಬಲ್ಲಿನ ನಿಯಮ ಎಲ್ಲಿಗೂ ಹೋಗಲಿಲ್ಲ. ಆಮೇಲೆ 1961ರಲ್ಲಿ ಸೈನಿಕ ಶಾಲೆಗಳು ಶುರುವಾದವು. ಆಗ ರಕ್ಷಣಾ ಸಚಿವರಾಗಿದ್ದ ಕೃಷ್ಣ ಮೆನನ್ ಇದರ ಹಿಂದೆ ಇದ್ದರು. ಆಫೀಸರುಗಳೆಲ್ಲ ಕೆಲವೇ ಪ್ರಾಂತ್ಯಗಳಿಂದ, ಕೆಲವೇ ಅನುಕೂಲಸ್ಥ ಮನೆಗಳಿಂದ ಬರುತ್ತಿದ್ದರು. ಅದು ತಪ್ಪಬೇಕು, ಸಾಮಾನ್ಯರ ಮಕ್ಕಳೂ ಸೇನೆಯ ಆಫೀಸರುಗಳನ್ನು ತಯಾರು ಮಾಡುವ, ಪುಣೆಯ ಹತ್ತಿರದ ಖಡಕ್‌ವಾಸ್ಲಾದ ಎನ್‌ಡಿಎಗೆ ಹೋಗುವಂತಾಗಬೇಕು ಅನ್ನುವುದು ಯೋಚನೆ. ಮೊದಲ ಶಾಲೆ ಸಾತಾರಾದಲ್ಲಿ. ವಿಜಾಪುರದ್ದು 1963ರಲ್ಲಿ. ಕೊಡಗಿನ ಕೂಡಿಗೆಯದ್ದು ಎಷ್ಟೋ ತಡವಾಗಿ, 2007ರಲ್ಲಿ. ಅಪ್ಪ ಅಮ್ಮನ ಆದಾಯ ನೋಡಿ ಸರ್ಕಾರ ಸ್ಕಾಲರ್‌ಶಿಪ್ ಕೊಡುತ್ತಿತ್ತು, ಹಾಗಾಗಿ ಕಂಡಕ್ಟರ್ ಮಗ, ಒಕ್ಕಲುತನದವರ ಮಗ, ಕನ್ನಡ ಶಾಲೆಯ ಮಾಸ್ತರ ಮಗ ಎಲ್ಲರೂ ಬಂದು ಸೇರಿದರು. ರಾಜಮನೆತನದವರಿಗೆ, ಜಮೀನುದಾರರ ಮಕ್ಕಳಿಗೆ ಕಲಿಸಿದ್ದ ಟೇಬಲ್ ಮ್ಯಾನರ್ಸ್ ನಮ್ಮಂಥವರ ಮುಂದೆ ಬಂದು ಕೂತಿತು. ಮನೆಯಲ್ಲಿ ಟೇಬಲ್ಲೇ ಇರಲಿಲ್ಲ ಅನ್ನುವುದು ಬೇರೆ ಮಾತು.

ನಮ್ಮ ಮೆಸ್ಸಿನ ಪದ್ಧತಿ ಹೀಗಿತ್ತು. ಊಟದ ಬೆಲ್ಲಿಗೂ ಮುಂಚೆ ಮೆಸ್ಸಿನ ಎದುರು ಹೌಸ್ ಪ್ರಕಾರ (ಹಾಸ್ಟೆಲ್ಲಿನ ಗುಂಪುಗಳಿಗೆ ಹೌಸ್ ಅನ್ನುತ್ತಿದ್ದರು) ಫಾಲಿನ್, ಅಂದರೆ ಸಾಲಾಗಿ ನಿಲ್ಲುವುದು. ಹೌಸ್ ಕ್ಯಾಪ್ಟನ್ ಸಾಲಿನುದ್ದಕ್ಕೂ ಬಂದು ಉಗುರು, ಕಾಲರು, ಬೂಟು ನೋಡುತ್ತಿದ್ದ. ಒಳಗೆ ಹೋದ ಮೇಲೆ ನಿಮ್ಮ ಕುರ್ಚಿಯ ಹಿಂದೆ ನಿಲ್ಲಬೇಕು, ಕೂರುವಂತಿಲ್ಲ. ಟೇಬಲ್ಲಿನ ಮೇಲೆ ಡೊಂಗಾಗಳಲ್ಲಿ, ಅಂದರೆ ಬಡಿಸುವ ಬೋಗುಣಿಗಳಲ್ಲಿ, ಪಲ್ಯ, ದಾಲು ಹೊಗೆಯಾಡುತ್ತಿರುತ್ತವೆ. ಎಲ್ಲ ಹೌಸಿನವರೂ ಬರುವವರೆಗೆ, ಡ್ಯೂಟಿ ಮಾಸ್ಟರ್ ತಮ್ಮ ಜಾಗಕ್ಕೆ ಬರುವವರೆಗೆ, ಪ್ರಾರ್ಥನೆ ಆಗುವವರೆಗೆ ಅದನ್ನು ನೋಡುತ್ತಾ ನಿಲ್ಲುವುದು. ಆಮೇಲೆ ಮೆಸ್ ಪ್ರಿಫೆಕ್ಟ್ ಒಂದು ಮಾತು ಹೇಳುತ್ತಿದ್ದ, ಒಂದೇ ಸಲಕ್ಕೆ ಅಷ್ಟೂ ಕುರ್ಚಿ ಎಳೆದು ಕೂರುತ್ತಿದ್ದೆವು. ಕುರ್ಚಿ ನೆಲಕ್ಕೆ ಕೆರೆದು ಸದ್ದಾದರೆ ಮತ್ತೆ ಎಬ್ಬಿಸಿ ಮತ್ತೆ ಕೂರಿಸುವುದೂ ಇತ್ತು. ಅಷ್ಟರಲ್ಲಿ ದಾಲು ಆರಿ ಮೇಲೆ ಕೆನೆ ಕಟ್ಟುತ್ತಿತ್ತು.

ಹತ್ತು ಹನ್ನೊಂದು ವರ್ಷದ ಹುಡುಗರು ನಾವು. ಬೆಳಿಗ್ಗೆ ಎಬ್ಬಿಸುವ ಗಂಟೆ, ರೌಸರ್, ಬಡಿದಾಗ ಎದ್ದು ಪಿಟಿ, ಆಮೇಲೆ ಕ್ಲಾಸು, ಸಂಜೆ ಗೇಮ್ಸ್, ರಾತ್ರಿ ಪ್ರೆಪ್, ಅಂದರೆ ಕೂತು ಓದುವುದು. ಆ ವಯಸ್ಸಿನ, ಆ ದಿನಚರಿಯ ಹಸಿವನ್ನು ಈಗ ನೆನಪಿಸಿಕೊಳ್ಳಲಿಕ್ಕೂ ಆಗುವುದಿಲ್ಲ. ಮನೆಯಲ್ಲಾಗಿದ್ದರೆ ಅಡುಗೆಮನೆಗೆ ನುಗ್ಗಿ ಒಂದು ರೊಟ್ಟಿಗೆ ಶೇಂಗಾ ಹಿಂಡಿ ಸವರಿಕೊಂಡು ಓಡುತ್ತಿದ್ದೆವು. ಇಲ್ಲಿ ಹಸಿವಿಗೂ ಟೈಮ್ ಟೇಬಲ್ ಇತ್ತು.

ಫೋರ್ಕು ಎಡಗೈಯಲ್ಲಿ, ಹಲ್ಲು ಕೆಳಮುಖವಾಗಿ. ಚಾಕು ಬಲಗೈಯಲ್ಲಿ. ತುಂಡು ಮಾಡುವುದು ಒಂದೊಂದೇ ತುತ್ತಿಗೆ, ಮೊದಲೇ ಎಲ್ಲ ಕತ್ತರಿಸಿಟ್ಟುಕೊಳ್ಳುವಂತಿಲ್ಲ. ಸೂಪಿನ ಚಮಚವನ್ನು ನಿಮ್ಮಿಂದ ಆಚೆಗೆ ತಳ್ಳಿ ತುಂಬಿಕೊಳ್ಳಬೇಕು. ಬ್ರೆಡ್ಡನ್ನು ಮಾತ್ರ ಕೈಯಲ್ಲೇ ಮುರಿಯಬೇಕು, ಚಾಕು ತಾಗಿಸಿದರೆ ತಪ್ಪು. ಮೊಣಕೈ ಟೇಬಲ್ಲಿನ ಮೇಲೆ ಬರಬಾರದು. ಬಾಯಲ್ಲಿ ಅನ್ನ ಇದ್ದಾಗ ಮಾತಿಲ್ಲ. ಊಟದ ನಡುವೆ ಕೈ ಬಿಡಬೇಕಾದರೆ ಫೋರ್ಕು ಚಾಕುಗಳನ್ನು ಗಡಿಯಾರದ ಎಂಟೂ ಇಪ್ಪತ್ತರ ಹಾಗೆ ಇಡಬೇಕು, ಮುಗಿದಾಗ ಆರೂವರೆಯ ಹಾಗೆ. ಇದನ್ನೆಲ್ಲ ಮೊದಲ ತಿಂಗಳಲ್ಲೇ ಕಲಿತೆವು. ಹುಡುಗರು ಕಲಿಯುವುದು ಬೇಗ.

ಕಷ್ಟ ಬಂದದ್ದು ನಮ್ಮ ಊಟಕ್ಕೆ. ಇಂಗ್ಲಿಷರ ನಿಯಮ ಆಲೂಗಡ್ಡೆಗೆ, ಮಾಂಸದ ತುಂಡಿಗೆ ಮಾಡಿದ್ದು. ಅನ್ನ ದಾಲಿಗೆ ಅದು ಹೊಂದುವುದಿಲ್ಲ. ಅನ್ನಕ್ಕೆ ಚಮಚ ಬಿಟ್ಟರು. ಚಪಾತಿಯ ವಿಷಯದಲ್ಲಿ ಡ್ಯೂಟಿ ಮಾಸ್ಟರ್ ಯಾರು ಅನ್ನುವುದರ ಮೇಲೆ ಹೋಗುತ್ತಿತ್ತು. ಕೆಲವರು ಕೈಯಲ್ಲಿ ಮುರಿದರೆ ನೋಡದ ಹಾಗೆ ಇರುತ್ತಿದ್ದರು. ಇನ್ನು ಕೆಲವರ ಡ್ಯೂಟಿ ಇದ್ದ ದಿನ ಚಪಾತಿಯನ್ನು ಚಾಕುವಿನಲ್ಲಿ ಕೊಯ್ಯುವುದು ನೋಡಬೇಕಿತ್ತು! ತಟ್ಟೆಯಿಂದ ತುಂಡು ಹಾರಿ ಎದುರಿನವನ ನೀರಿನ ಗ್ಲಾಸಿಗೆ ಬೀಳುತ್ತಿತ್ತು. ಖಟಕ್ ರೊಟ್ಟಿ ಹಾಕಿದ ದಿನವಂತೂ ಯಾವ ಮಾಸ್ಟರೂ ಹಟ ಮಾಡಲಿಲ್ಲ. ಮಂಡ್ಯ ಕಡೆಯ ಒಬ್ಬ ಹುಡುಗ ಮುದ್ದೆ ಮಾಡಿಸಿ ಎಂದು ಮೆಸ್ ಕಮಿಟಿಯಲ್ಲಿ ಬೇಡಿಕೆ ಇಟ್ಟಾಗ, 'ಯಾವ ಕೈಯಲ್ಲಿ ಫೋರ್ಕ್ ಹಿಡೀತೀಯ?' ಅಂತ ಇಡೀ ಹೌಸು ಅವನನ್ನು ವಾರಗಟ್ಟಲೆ ಕಾಡಿತು.

ರಜೆಗೆ ಮನೆಗೆ ಹೋದಾಗ ಅಭ್ಯಾಸಬಲದಿಂದ ಚಮಚ ಕೇಳಿದೆ. 'ಯಾಕ, ಕೈಗೆ ಏನಾಗೇದ?' ಅಂದಳು ನಮ್ಮಜ್ಜಿ. ನನಗೆ ನಾಚಿಕೆ ಆಯಿತು ಅನ್ನುವುದಕ್ಕಿಂತ ಅವಳ ಮುಂದೆ ಹೇಗೆ ಕೂರಬೇಕು ಅನ್ನುವುದೇ ಒಂದು ಕ್ಷಣ ಮರೆತುಹೋಯಿತು. ಅಜ್ಜಿಯ ಪಂಕ್ತಿಗೂ ಕಾನೂನು ಕಡಿಮೆ ಇರಲಿಲ್ಲ. ಎಡಗೈ ಎಲೆಗೆ ತಾಗಬಾರದು. ಪಕ್ಕದವರ ಊಟ ಮುಗಿಯದೆ ಏಳಬಾರದು. ಎಲೆಯಲ್ಲಿ ಅನ್ನ ಬಿಡಬಾರದು. ಉಪ್ಪು ಮೊದಲು ಬಡಿಸಬೇಕು, ಎಲ್ಲಿ ಬಡಿಸಬೇಕು ಅನ್ನುವುದಕ್ಕೂ ಜಾಗ ಗೊತ್ತು. ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಸಾವಿರಾರು ಮಕ್ಕಳು ಸಾಲಾಗಿ ಕೂತು ಪ್ರಾರ್ಥನೆ ಮಾಡಿ ಉಣ್ಣುವುದನ್ನು ನೋಡಿದವರಿಗೆ, ಶಿಸ್ತು ಕಲಿಯಲು ಚಾಕು ಚಮಚ ಬೇಕೇ ಬೇಕು ಅಂತ ಹೇಳಲಿಕ್ಕೆ ಬಾಯಿ ಬರುವುದಿಲ್ಲ.

ಹಾಗಂತ ಪಂಕ್ತಿಯನ್ನು ಹೊಗಳಿ ಮೆಸ್ಸನ್ನು ತೆಗಳುವ ಇರಾದೆ ನನಗಿಲ್ಲ. ಪಂಕ್ತಿಯಲ್ಲಿ ಯಾರು ಯಾರ ಪಕ್ಕ ಕೂರಬಹುದು, ಯಾರು ಹೊರಗೆ ಕೂರಬೇಕು, ಯಾರಿಗೆ ಆಮೇಲೆ ಬಡಿಸಬೇಕು ಎನ್ನುವುದೂ ಕಾನೂನೇ ಆಗಿತ್ತಲ್ವಾ? ನಮ್ಮೂರಿನ ಚಹಾದಂಗಡಿಯಲ್ಲಿ ಕೆಲವರ ಲೋಟ ಬೇರೆ ಇಡುತ್ತಿದ್ದುದನ್ನು ನೋಡಿ ಬೆಳೆದವನು ನಾನು. ಮೆಸ್ಸಿನಲ್ಲಿ ಅದು ಒಂದೇ ಏಟಿಗೆ ಹೋಗಿತ್ತು. ನಿಮ್ಮನ್ನು ಕೂರಿಸುವುದು ಹೌಸ್ ನೋಡಿ, ಕ್ಲಾಸು ನೋಡಿ. ಕರೆಯುವುದು ನಂಬರ್ ಹಿಡಿದು. ಒಂದೇ ಡೊಂಗಾ, ಒಂದೇ ಸೌಟು, ಒಂದೇ ನೀರಿನ ಜಗ್ಗು. ಪಕ್ಕದವನ ಜಾತಿ ಯಾವುದು ಅಂತ ಎಷ್ಟೋ ವರ್ಷ ಗೊತ್ತೇ ಇರಲಿಲ್ಲ. ಗೊತ್ತಾದದ್ದು ಕಾಲೇಜು ಸೇರುವಾಗ, ಸರ್ಟಿಫಿಕೇಟು ಮಾಡಿಸಲು ಓಡಾಡಿದಾಗ. ಫೋರ್ಕಿನ ಬಗ್ಗೆ ಕೇಳುವ ಜನ ಇದನ್ನು ಕೇಳುವುದಿಲ್ಲ. ನನ್ನ ಮಟ್ಟಿಗೆ ಆ ಟೇಬಲ್ಲು ಕಲಿಸಿದ ದೊಡ್ಡ ಪಾಠ ಇದೇ, ಮತ್ತು ಯಾರೂ ಅದನ್ನು ಪಾಠ ಅಂತ ಹೇಳಿಕೊಡಲಿಲ್ಲ.

ಆದರೆ ಜಾತಿಯ ಆ ಏಣಿಯನ್ನು ತೆಗೆದ ಜಾಗದಲ್ಲಿ ಇನ್ನೊಂದು ಏಣಿ ನಿಲ್ಲಿಸಿದ್ದರು.

ಟೇಬಲ್ಲಿನ ತಲೆಯಲ್ಲಿ ಹನ್ನೆರಡನೇ ಕ್ಲಾಸಿನವನು. ಅವನ ಎಡಬಲದಲ್ಲಿ ಹನ್ನೊಂದು, ಹತ್ತು. ಹೀಗೆ ಇಳಿಯುತ್ತಾ ಬಂದರೆ ಕೊನೆಗೆ ಆರನೇ ಕ್ಲಾಸಿನ ನಾವು. ಡೊಂಗಾ ತಲೆಯಿಂದ ಹೊರಡುತ್ತಿತ್ತು. ಪ್ರತಿಯೊಬ್ಬನೂ ಬಡಿಸಿಕೊಂಡು ಕೆಳಗೆ ದಾಟಿಸುವುದು. ಕಾಗದದ ಮೇಲೆ ಇದರಲ್ಲಿ ತಪ್ಪೇನೂ ಕಾಣುವುದಿಲ್ಲ. ಹಿರಿಯರಿಗೆ ಮೊದಲು ಕೊಡು ಅನ್ನುವುದು ನಮ್ಮ ಮನೆಗಳ ಮಾತೂ ಹೌದು. ಆದರೆ ಡೊಂಗಾದಲ್ಲಿ ಇರುವ ಪಲ್ಯ ಎಷ್ಟು ಅಂತ ಅಡುಗೆಮನೆ ಮೊದಲೇ ಅಳೆದಿರುತ್ತದೆ. ತಲೆಯಲ್ಲಿ ಕೂತವನು ಒಂದು ಸೌಟು ಜಾಸ್ತಿ ಹಾಕಿಕೊಂಡರೆ ಆ ಸೌಟು ಕೊನೆಯವನ ತಟ್ಟೆಯಿಂದಲೇ ಹೋಗುತ್ತದೆ. ಅವನಿಗೆ ಅದು ಕಾಣುವುದೂ ಇಲ್ಲ, ಅಷ್ಟು ದೂರ.

ನಾವು ತುದಿಯಲ್ಲಿ ಕೂತು ಡೊಂಗಾದ ಮೇಲೆ ಕಣ್ಣಿಟ್ಟಿರುತ್ತಿದ್ದೆವು. ಮೊದಲ ಸೌಟು ನೋಡಿದರೆ ಸಾಕು, ನಮಗೆ ಎಷ್ಟು ಉಳಿಯುತ್ತದೆ ಅಂತ ಲೆಕ್ಕ ಸಿಗುತ್ತಿತ್ತು. ಒಳ್ಳೆಯ ಟೇಬಲ್ ಹೆಡ್ ಸಿಕ್ಕಿದ ವರ್ಷ ಮೈ ತುಂಬಿಕೊಳ್ಳುತ್ತಿತ್ತು. ಕೆಟ್ಟವನು ಸಿಕ್ಕಿದ ವರ್ಷ ದಾಲಿನ ಮೇಲಿನ ನೀರು, ಅನ್ನ, ಉಪ್ಪಿನಕಾಯಿ. ಆಟದಲ್ಲಿ ಚಿನ್ನದ ಪದಕ, ಪರೇಡಿನಲ್ಲಿ ಗಟ್ಟಿ ಧ್ವನಿ, ಇದೆಲ್ಲ ಇದ್ದವನೇ ಒಳ್ಳೆಯ ಟೇಬಲ್ ಹೆಡ್ ಆಗುತ್ತಾನೆ ಅನ್ನುವ ಗ್ಯಾರಂಟಿ ಇರಲಿಲ್ಲ. ಶಾಲೆಯ ಬಹುಮಾನದ ಪಟ್ಟಿಗೂ ನಮ್ಮ ಆರನೇ ಕ್ಲಾಸಿನ ಪಟ್ಟಿಗೂ ಹೊಂದಾಣಿಕೆಯೇ ಇರಲಿಲ್ಲ ಅಂದರೂ ನಡೆಯುತ್ತದೆ.

ಸೌಟಿನಲ್ಲಿ ಬಡಿಸುವ ಪದಾರ್ಥದ ಕಥೆ ಇದಾದರೆ, ಎಣಿಸಿ ಕೊಡುವ ಪದಾರ್ಥದ್ದು ಬೇರೆಯೇ. ಬೆಳಗಿನ ಮೊಟ್ಟೆ, ಬಾಳೆಹಣ್ಣು, ಚಿಕನ್ನಿನ ದಿನದ ತುಂಡು, ಭಾನುವಾರದ ಗುಲಾಬ್ ಜಾಮೂನು. ಇವು ಒಬ್ಬೊಬ್ಬರಿಗೆ ಇಷ್ಟು ಅಂತ ಬರುತ್ತವೆ, ಹಾಗಾಗಿ ತಾನಾಗಿ ಕಡಿಮೆ ಬೀಳುವುದಿಲ್ಲ. ಕೇಳಿ ತೆಗೆದುಕೊಳ್ಳಬೇಕು. ಕೇಳುವುದೂ ಅಲ್ಲ, ಬರೀ ಹೆಸರು ಕರೆದು ತಟ್ಟೆಯ ಕಡೆ ನೋಡುವುದು. ಜೂನಿಯರ್ ಆದವನು ಚಮಚದಲ್ಲಿ ಎತ್ತಿ ದಾಟಿಸುತ್ತಾನೆ. 'ಥ್ಯಾಂಕ್ಯೂ' ಅಂತ ಇಂಗ್ಲಿಷಿನಲ್ಲಿ ಹೇಳಿ, ಮೊಣಕೈ ಟೇಬಲ್ಲಿಗೆ ತಾಗಿಸದೆ, ಬಾಯಿ ಮುಚ್ಚಿಕೊಂಡು ಅಗಿಯುತ್ತಾ ಅವನ ಜಾಮೂನು ತಿಂದವರನ್ನು ನೋಡಿದ್ದೇನೆ. ಮ್ಯಾನರ್ಸಿನಲ್ಲಿ ಒಂದು ಮಾರ್ಕೂ ಕಡಿಯುವಂತಿರಲಿಲ್ಲ.

ಸಸ್ಯಾಹಾರಿಗಳಿಗೆ ಒಂದು ಅನುಕೂಲ ಇತ್ತು, ಅದನ್ನು ಹೇಳಲೇಬೇಕು. ಚಿಕನ್ ದಿನ ಅವರಿಗೆ ಪನೀರು. ಪನೀರಿನ ಡೊಂಗಾ ಚಿಕ್ಕದು, ಅದರ ಮೇಲೆ ಕಣ್ಣಿಡುವವರೂ ಕಡಿಮೆ. ನಮ್ಮ ಬ್ಯಾಚಿನಲ್ಲಿ ಇದೊಂದೇ ಕಾರಣಕ್ಕೆ ಒಂದು ಟರ್ಮ್ ಸಸ್ಯಾಹಾರಿ ಆದವರಿದ್ದರು.

ತಪ್ಪು ಮಾಡಿದರೆ ಶಿಕ್ಷೆ ಮೆಸ್ಸಿನೊಳಗೆ ಆಗುತ್ತಿರಲಿಲ್ಲ. ಡ್ಯೂಟಿ ಮಾಸ್ಟರ್ ಇರುತ್ತಾರಲ್ಲ. ಫೋರ್ಕು ಸದ್ದು ಮಾಡಿದವನು, ನಕ್ಕವನು, ಸೀನಿಯರ್ ಮುಗಿಸುವ ಮೊದಲು ಎರಡನೇ ಸಲ ಬಡಿಸಿಕೊಂಡವನು, ಎಲ್ಲರ ಹೆಸರೂ ಟೇಬಲ್ ಹೆಡ್‌ನ ನೆನಪಿನಲ್ಲಿ ಕೂತಿರುತ್ತಿತ್ತು. ಲೈಟ್ಸ್ ಔಟ್ ಆದ ಮೇಲೆ ಡಾರ್ಮಿಟರಿಯಲ್ಲಿ ಫ್ರಂಟ್ ರೋಲು, ಅಂದರೆ ನೆಲದ ಮೇಲೆ ಮುಂದಕ್ಕೆ ಪಲ್ಟಿ ಹೊಡೆಯುವುದು. ತುಂಬಿದ ಹೊಟ್ಟೆಯಲ್ಲಿ ಫ್ರಂಟ್ ರೋಲ್ ಹೊಡೆದವರಿಗೆ ಗೊತ್ತು. ಖಾಲಿ ಹೊಟ್ಟೆಯವರಿಗೆ ಅಷ್ಟು ಕಷ್ಟ ಆಗುತ್ತಿರಲಿಲ್ಲ, ಅದೂ ಒಂದು ಲಾಭ. ಮೊದಲು ಹೇಳಿದೆನಲ್ಲ, ಹೊಡೀತಿದ್ರಾ ಅನ್ನುವ ಪ್ರಶ್ನೆಯ ಉತ್ತರವೂ ಮೆಸ್ಸಿನಲ್ಲೇ ಇದೆ ಅಂತ.

ಈಗ ನನ್ನ ತಕರಾರಿಗೆ ಬರುತ್ತೇನೆ. ನಮ್ಮ ಶಾಲೆಯ ಗೋಡೆಯ ಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಮಾತು ಬರೆದಿದ್ದರು. 1932ರಲ್ಲಿ ಡೆಹ್ರಾಡೂನಿನ ಇಂಡಿಯನ್ ಮಿಲಿಟರಿ ಅಕಾಡೆಮಿಯ ಉದ್ಘಾಟನೆಯಲ್ಲಿ ಆಗಿನ ಸೇನಾ ಮುಖ್ಯಸ್ಥ ಫಿಲಿಪ್ ಚೆಟ್‌ವುಡ್ ಹೇಳಿದ್ದು. ದೇಶದ ಸುರಕ್ಷತೆ, ಗೌರವ, ಹಿತ ಮೊದಲು. ನಿಮ್ಮ ಕೈಕೆಳಗಿನ ಸೈನಿಕರ ಗೌರವ, ಹಿತ, ಸುಖ ಆಮೇಲೆ. ನಿಮ್ಮ ಸ್ವಂತ ಸುಖ, ಸುರಕ್ಷತೆ ಕೊನೆಗೆ, ಯಾವಾಗಲೂ ಕೊನೆಗೆ. ಇದನ್ನು ಇಂಗ್ಲಿಷಿನಲ್ಲಿ ಬಾಯಿಪಾಠ ಮಾಡಿಸುತ್ತಿದ್ದರು. ಒಂದು ಅಕ್ಷರ ತಪ್ಪಿದರೂ ಪುಷ್‌ಅಪ್. ಆ ಗೋಡೆಯನ್ನು ದಾಟಿ ಮೆಸ್ಸಿಗೆ ಹೋದರೆ ಟೇಬಲ್ಲಿನಲ್ಲಿ ಎಲ್ಲ ತಿರುಗುಮುರುಗು. ಮೊದಲ ಸೌಟು ಸೀನಿಯರ್‌ಗೆ, ಕೊನೆಯದು ಅವನ ಕೈಕೆಳಗಿನವನಿಗೆ.

ಎನ್‌ಡಿಎ ಮುಗಿಸಿ ಸೈನ್ಯಕ್ಕೆ ಹೋದ ಒಬ್ಬ ಬ್ಯಾಚ್‌ಮೇಟ್ ಜತೆ ಈ ಬಗ್ಗೆ ವಾದ ಮಾಡಿದ್ದೆ. ಅವನು ಹೇಳಿದ, 'ಆಫೀಸರ್ಸ್ ಮೆಸ್ಸಿನಲ್ಲೂ ಹಾಗೇ ಕಣೋ. ಡೈನಿಂಗ್ ಇನ್ ನೈಟ್ ಅಂತ ಔಪಚಾರಿಕ ಊಟ ಇರೋ ದಿನ ಸೀನಿಯರ್ ಶುರು ಮಾಡುವವರೆಗೆ ಯಾರೂ ಫೋರ್ಕ್ ಎತ್ತಲ್ಲ. ರಾಷ್ಟ್ರಪತಿಗಳ ಹೆಸರಿನಲ್ಲಿ ಟೋಸ್ಟ್ ಆಗುವವರೆಗೆ ಯಾರೂ ಏಳಲ್ಲ. ಅದನ್ನೇ ಸ್ಕೂಲಲ್ಲಿ ಕಲಿಸಿದ್ರು.' ಸರಿ. ಹಾಗಾದರೆ ಜವಾನರ ಲಂಗರಿನಲ್ಲಿ, ಅಂದರೆ ಸಾಮಾನ್ಯ ಸೈನಿಕರ ಊಟದ ಮನೆಯಲ್ಲಿ? ಅಲ್ಲಿ ಡ್ಯೂಟಿಯಲ್ಲಿರುವ ಆಫೀಸರ್ ಹೋಗಿ ಅಡುಗೆ ರುಚಿ ನೋಡಬೇಕು. ಎಲ್ಲರಿಗೂ ಸಾಲುತ್ತದೆಯೇ, ಬಿಸಿ ಇದೆಯೇ ಅಂತ ವಿಚಾರಿಸಬೇಕು. ಬಡಾ ಖಾನಾ ದಿನ ಆಫೀಸರುಗಳೇ ಜವಾನರ ಜತೆ ಕೂತು ಉಣ್ಣುತ್ತಾರೆ, ಬಡಿಸುವುದೂ ಉಂಟು. ಫೀಲ್ಡಿನಲ್ಲಿ ತನ್ನ ಹುಡುಗರ ಊಟ ಆಯಿತಾ ಅಂತ ನೋಡದೆ ತಾನು ಉಂಡ ಆಫೀಸರನಿಗೆ ಪ್ಲಟೂನಿನಲ್ಲಿ ಮರ್ಯಾದೆ ಸಿಗುವುದಿಲ್ಲ ಅಂತ ಅವನೇ ಒಪ್ಪಿಕೊಂಡ.

ನನಗೆ ಅನಿಸುವುದು ಇಷ್ಟು. ಸೈನ್ಯದಲ್ಲಿ ಊಟದ ಜಾಗ ಎರಡಿವೆ, ಎರಡು ನಮೂನೆಯ ಶಿಸ್ತಿದೆ. ನಮ್ಮ ಶಾಲೆಗಳು ಆಫೀಸರ್ಸ್ ಮೆಸ್ಸನ್ನು ನೋಡಿ ನಕಲು ಮಾಡಿದವು, ಲಂಗರಿನ ಕಡೆ ತಿರುಗಿಯೂ ನೋಡಲಿಲ್ಲ. ಆಫೀಸರ್ಸ್ ಮೆಸ್ಸಿನಲ್ಲಿ ಎಲ್ಲರೂ ದೊಡ್ಡವರು, ಊಟ ಬೇಕಾದಷ್ಟು, ಕೊನೆಗೆ ಬಡಿಸಿಕೊಂಡವನಿಗೂ ಏನೂ ಕಡಿಮೆಯಾಗುವುದಿಲ್ಲ. ಅಲ್ಲಿ ಕಾಯುವುದು ಒಂದು ಗೌರವದ ಆಟ. ಅದೇ ಆಟವನ್ನು ತಂದು, ಬೆಳೆಯುವ ವಯಸ್ಸಿನ ಮಕ್ಕಳ ನಡುವೆ, ಅಳೆದು ತುಂಬಿದ ಡೊಂಗಾ ಇಟ್ಟು ಆಡಿಸಿದರೆ ಅದು ಆಟವಾಗಿ ಉಳಿಯುವುದಿಲ್ಲ. ಕಾಯುವವನು ಯಾರು ಅನ್ನುವುದು ಯಾರು ಹಸಿದಿರುತ್ತಾರೆ ಅನ್ನುವುದೂ ಆಗುತ್ತದೆ.

ಮ್ಯಾನರ್ಸಿನ ಪರವಾಗಿ ಆಗ ಹೇಳುತ್ತಿದ್ದ ಇನ್ನೊಂದು ಕಾರಣ ಸೇನೆಗೆ ಆಫೀಸರುಗಳನ್ನು ಆರಿಸುವ ಎಸ್‌ಎಸ್‌ಬಿ ಇಂಟರ್ವ್ಯೂ. 'ಅಲ್ಲಿ ಊಟದ ಹಾಲಲ್ಲೂ ನಿಮ್ಮನ್ನ ನೋಡ್ತಿರ್ತಾರೆ' ಅಂತ ಹೆದರಿಸುತ್ತಿದ್ದರು. ಎಸ್‌ಎಸ್‌ಬಿಯಲ್ಲಿ ಅಳೆಯುವುದು ಮೂವರು. ಮನಶ್ಶಾಸ್ತ್ರಜ್ಞ, ಗುಂಪಿನ ಟಾಸ್ಕ್ ನೋಡುವ ಜಿಟಿಒ, ಇಂಟರ್ವ್ಯೂ ಮಾಡುವ ಆಫೀಸರ್. ಊಟಕ್ಕೆ ಮಾರ್ಕು ಕೊಡುವ ನಾಲ್ಕನೆಯವನಿಲ್ಲ. ಇಡ್ಲಿಯನ್ನು ಕೈಯಲ್ಲಿ ತಿಂದು ಆಯ್ಕೆಯಾದ ಹಳ್ಳಿ ಹುಡುಗರು ಬೇಕಾದಷ್ಟಿದ್ದಾರೆ.

ನಾವು ಒಂಬತ್ತನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಹೊಸ ಆಫೀಸರೊಬ್ಬರು ಬಂದರು. ಹೆಚ್ಚು ಮಾತಾಡದ ಮನುಷ್ಯ. ಬಂದ ಹೊಸದರಲ್ಲಿ ಒಂದು ರಾತ್ರಿ ಡ್ಯೂಟಿ ಮಾಸ್ಟರ್ ಟೇಬಲ್ಲಿನಲ್ಲಿ ಕೂರುವ ಬದಲು ಒಂದು ಕುರ್ಚಿ ಎಳೆದುಕೊಂಡು ನಮ್ಮ ಹೌಸಿನ ಆರನೇ ಕ್ಲಾಸಿನವರ ಪಕ್ಕ ಕೂತರು. ಡೊಂಗಾ ಬಂತು. ಅದರಲ್ಲಿದ್ದುದನ್ನು ತಟ್ಟೆಗೆ ಹಾಕಿಕೊಂಡು ಉಂಡು ಎದ್ದು ಹೋದರು. ಏನೂ ಹೇಳಲಿಲ್ಲ. ಮರುವಾರ ಆದೇಶ ಬಂತು, ಇನ್ನು ಮೇಲೆ ಡೊಂಗಾ ಕೆಳಗಿನಿಂದ ಹೊರಡಬೇಕು.

ಇಲ್ಲಿಗೆ ಕಥೆ ಸುಖಾಂತ ಆಯಿತು ಅಂದುಕೊಂಡಿರಾ? ಇಲ್ಲ. ಆರನೇ ಕ್ಲಾಸಿನ ಹುಡುಗ ಡೊಂಗಾ ಹಿಡಿದು ಟೇಬಲ್ಲಿನ ತಲೆಯ ಕಡೆ ನೋಡುತ್ತಿದ್ದ. ತಾನು ಜಾಸ್ತಿ ಹಾಕಿಕೊಂಡರೆ ರಾತ್ರಿ ಏನಾಗಬಹುದು ಅಂತ ಅವನಿಗೆ ಗೊತ್ತು. ಎರಡು ಚಮಚ ಹಾಕಿಕೊಂಡು ದಾಟಿಸುತ್ತಿದ್ದ. ಏಳನೆಯವನೂ ಅಷ್ಟೇ. ತಲೆಗೆ ಮುಟ್ಟುವ ಹೊತ್ತಿಗೆ ಡೊಂಗಾ ಮುಕ್ಕಾಲು ತುಂಬಿರುತ್ತಿತ್ತು. ದಿಕ್ಕು ಬದಲಾಯಿತು, ಪಲ್ಯ ಹೋಗಿ ಸೇರುವ ಜಾಗ ಬದಲಾಗಲಿಲ್ಲ. ಹೆದರಿಕೆ ಡಾರ್ಮಿಟರಿಯಲ್ಲಿ ಇರುವವರೆಗೆ ಮೆಸ್ಸಿನ ನಿಯಮ ಒಂದರಿಂದ ಅದನ್ನು ಸರಿ ಮಾಡಲಾಗುವುದಿಲ್ಲ.

ಆ ಆಫೀಸರಿಗೂ ಇದು ಕಂಡಿರಬೇಕು. ಸ್ವಲ್ಪ ದಿನಕ್ಕೆ ಸಾಮಾನು ಸರಂಜಾಮು ನೋಡಿಕೊಳ್ಳುವ ಕ್ವಾರ್ಟರ್ ಮಾಸ್ಟರ್ ಜತೆ ಮಾತಾಡಿ ಎರಡು ಬದಲಾವಣೆ ಮಾಡಿಸಿದರು. ಆರು ಮತ್ತು ಏಳನೇ ಕ್ಲಾಸಿನವರಿಗೆ ಬೇರೆ ಟೇಬಲ್ಲು ಹಾಕಿಸಿ, ಒಬ್ಬ ಮಾಸ್ಟರ್ ಅಲ್ಲೇ ಊಟ ಮಾಡುವಂತೆ ಮಾಡಿದರು. ಎರಡನೆಯದು, ಬೇರರ್‌ಗಳು ಊಟದ ನಡುವೆ ಇನ್ನೊಂದು ಸುತ್ತು ದಾಲು, ಅನ್ನ ತರುವುದು. ಎರಡನೇ ಸುತ್ತು ಬರುತ್ತದೆ ಅಂತ ನಂಬಿಕೆ ಬಂದ ಮೇಲೆ ವಿಚಿತ್ರ ಆಯಿತು. ಸೀನಿಯರ್‌ಗಳೂ ಮೊದಲ ಸುತ್ತಿನಲ್ಲಿ ಕಡಿಮೆ ಹಾಕಿಕೊಳ್ಳತೊಡಗಿದರು. ಅವರೂ ಒಂದು ಕಾಲಕ್ಕೆ ತುದಿಯಲ್ಲಿ ಕೂತು ಬಂದವರಲ್ವಾ? ಹಳೆಯ ಹಸಿವನ್ನು ಈಗ ಸಿಕ್ಕಿದಾಗ ತೀರಿಸಿಕೊಳ್ಳುತ್ತಿದ್ದರು ಅಷ್ಟೇ. ಅಡುಗೆಯವರು ಮಾತ್ರ ಗೊಣಗಿದರು, ಅವರಿಗೆ ಕೆಲಸ ಹೆಚ್ಚಾಯಿತು. ಅವರ ಗೊಣಗಾಟಕ್ಕೂ ಕಾರಣ ಇತ್ತು. ನಾನೂರು ಐನೂರು ಮಂದಿಗೆ ಬೆಳಗಿನ ಚಹಾದಿಂದ ರಾತ್ರಿಯ ಹಾಲಿನವರೆಗೆ ನಡೆಸುವ ಅಡುಗೆಮನೆ ಅದು.

ಈಗ ಶಾಲೆಗಳು ಬದಲಾಗಿವೆ. ಹುಡುಗಿಯರೂ ಸೇರಿದ್ದಾರೆ. 2018ರಲ್ಲಿ ಮಿಜೋರಾಮಿನ ಛಿಂಗ್‌ಛಿಪ್ ಶಾಲೆಯಲ್ಲಿ ಮೊದಲು, 2021-22ರಿಂದ ಉಳಿದ ಸೈನಿಕ ಶಾಲೆಗಳಲ್ಲೂ. ಪರಿಚಯದವರ ಮಗಳೊಬ್ಬಳು ಇಂಥ ಒಂದು ಶಾಲೆಯಲ್ಲಿದ್ದಾಳೆ. ಅವಳನ್ನು ಮೆಸ್ಸಿನ ಬಗ್ಗೆ ಕೇಳಿದೆ. ಸ್ಟೀಲಿನ ಟ್ರೇ ಹಿಡಿದು ಸಾಲಿನಲ್ಲಿ ಹೋಗುವುದಂತೆ, ಕೌಂಟರಿನ ಹಿಂದೆ ನಿಂತವರು ಬಡಿಸುತ್ತಾರಂತೆ. ವಿಶೇಷ ದಿನಗಳಲ್ಲಿ ಮಾತ್ರ ಟೇಬಲ್ಲು, ಡೊಂಗಾ, ಫೋರ್ಕು. 'ಸಾಲಲ್ಲಿ ಯಾರು ಮೊದಲು?' ಅಂದೆ. 'ಸೀನಿಯರ್ಸೇ ಅಂಕಲ್' ಅಂದಳು, ಅದರಲ್ಲಿ ಕೇಳುವುದೇನಿದೆ ಅನ್ನುವ ಹಾಗೆ. ಆಮೇಲೆ ತಾನೇ ಸೇರಿಸಿದಳು, 'ಆದ್ರೆ ಬಡಿಸೋದು ಅವರಲ್ವಲ್ಲ, ನಮಗೂ ಅಷ್ಟೇ ಸಿಗತ್ತೆ.' ನಮ್ಮ ಕಾಲದಲ್ಲಿ ಯಾರಿಗೂ ಹೊಳೆಯದ ಪರಿಹಾರ. ಸೌಟನ್ನು ಸೀನಿಯರ್ ಕೈಯಿಂದ ತೆಗೆದುಬಿಡುವುದು.

ಶಾಲೆ ನಡೆಸುವ ಯಾರಾದರೂ ಇದನ್ನು ಓದುತ್ತಿದ್ದರೆ ನನ್ನ ಅಭಿಪ್ರಾಯ ಕೇಳುವುದಿಲ್ಲ ಅಂತ ಗೊತ್ತು, ಆದರೂ ಹೇಳುತ್ತೇನೆ. ಫಾಲಿನ್ ಇರಲಿ, ಉಗುರು ನೋಡುವುದು ಇರಲಿ, ಎಲ್ಲರೂ ಬರುವವರೆಗೆ ಕಾಯುವುದು ಖಂಡಿತ ಇರಲಿ. ತಟ್ಟೆಯಲ್ಲಿ ಬಿಡಬಾರದು ಅನ್ನುವುದಂತೂ ಇರಲೇಬೇಕು. ಇವತ್ತಿಗೂ ಮದುವೆ ಮನೆಯ ಬಫೆಯಲ್ಲಿ ಅರ್ಧ ತಟ್ಟೆ ಚೆಲ್ಲುವವರನ್ನು ನೋಡಿದರೆ ನನ್ನೊಳಗಿನ ಮೆಸ್ ಪ್ರಿಫೆಕ್ಟ್ ಎದ್ದು ನಿಲ್ಲುತ್ತಾನೆ. ಫೋರ್ಕು ಚಾಕು ತಿಂಗಳಿಗೊಂದು ದಿನ ಕಲಿಸಿದರೆ ಧಾರಾಳವಾಯಿತು. ಉಳಿದ ದಿನ ರೊಟ್ಟಿಯನ್ನು ಕೈಯಲ್ಲಿ ಮುರಿಯಲು ಬಿಡಿ. ಮತ್ತು ಡ್ಯೂಟಿ ಮಾಸ್ಟರ್ ಕುರ್ಚಿಯನ್ನು ಟೇಬಲ್ಲಿನ ತುದಿಗೆ, ಚಿಕ್ಕವರ ಕಡೆಗೆ ಹಾಕಿ.

ನಮ್ಮ ಬ್ಯಾಚಿನ ವಾಟ್ಸಾಪ್ ಗ್ರೂಪಿನಲ್ಲಿ ಈ ಚರ್ಚೆ ವರ್ಷಕ್ಕೊಮ್ಮೆ ಏಳುತ್ತದೆ. ಸಾಮಾನ್ಯವಾಗಿ ಹಳೆಯ ಮೆಸ್ಸಿನ ಫೋಟೋ ಯಾರಾದರೂ ಹಾಕಿದಾಗ. 'ಆ ರಗಡಾ, ಆ ಶಿಕ್ಷೆ ಇಲ್ಲದಿದ್ರೆ ನಾವು ಇವತ್ತು ಇಲ್ಲಿ ಇರ್ತಿರಲಿಲ್ಲ' ಅಂತ ಒಬ್ಬ ಶುರು ಮಾಡುತ್ತಾನೆ. ಅವನು ಈಗ ಬ್ಯಾಂಕ್ ಮ್ಯಾನೇಜರ್. ಫ್ರಂಟ್ ರೋಲಿಗೂ ಸಾಲದ ಅರ್ಜಿಗೂ ಏನು ಸಂಬಂಧ ಅಂತ ನಾನು ಕೇಳುತ್ತೇನೆ. ಹತ್ತು ಮಂದಿ ಅವನ ಕಡೆ, ನಾಲ್ಕು ಮಂದಿ ನನ್ನ ಕಡೆ, ಉಳಿದವರು ಗುಡ್ ಮಾರ್ನಿಂಗ್ ಕಳಿಸುತ್ತಾರೆ. ಬೀದರ್ ಕಡೆಯ ಒಬ್ಬ ಗೆಳೆಯ ಮಾತ್ರ ಪ್ರತಿ ಸಲವೂ ಒಂದೇ ಮಾತು ಬರೆಯುತ್ತಾನೆ: 'ನನ್ನ ಜಾಮೂನು ತಿಂದವರು ಯಾರ್ಯಾರು ಅಂತ ಪಟ್ಟಿ ಇನ್ನೂ ನನ್ನ ಹತ್ರ ಅದ.' ಈ ಬರಹದ ಲಿಂಕನ್ನು ಅಲ್ಲಿ ಹಾಕುತ್ತಿದ್ದೇನೆ. ಮುಂದಿನ ಗಲಾಟೆಗೆ ಅವನೇ ಅಧ್ಯಕ್ಷತೆ ವಹಿಸಲಿ.